ಅಂಕಸಮುದ್ರ: ಏರಿಯ ಮೇಲಿಂದ ನೋಡಬೇಕಾದ ಕೆರೆ

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಿಗೆ ಹೊರಗಿನವರು ಬರುತ್ತಿದ್ದುದು ಬಹುಮಟ್ಟಿಗೆ ದೇವರ ಹೆಸರಿನಲ್ಲಿ. ಕೊಟ್ಟೂರೇಶ್ವರನ ತೇರು, ಮೈಲಾರದ ಕಾರ್ಣಿಕ, ಉಚ್ಚಂಗಿದುರ್ಗದ ಯಲ್ಲಮ್ಮ, ಶಿಲ್ಪ ನೋಡುವವರಿಗೆ ಬಾಗಳಿಯ ಕಲ್ಲೇಶ್ವರ. ಈಚಿನ ವರ್ಷಗಳಲ್ಲಿ ಇನ್ನೊಂದು ಬಗೆಯ ಯಾತ್ರಿಕರು ಕಾಣಿಸಿಕೊಂಡಿದ್ದಾರೆ. ಹಂಪಿಗೆಂದು ರಜೆ ಹಾಕಿ ಬಂದವರು ಒಂದು ಬೆಳಗನ್ನು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ ಮೀಸಲಿಡುತ್ತಾರೆ. ಕೈಯಲ್ಲಿ ಕ್ಯಾಮೆರಾ, ಮನಸ್ಸಿನಲ್ಲಿ ಗೂಡು, ಮೊಟ್ಟೆ, ಮರಿಗಳ ಚಿತ್ರ. ಅವರು ಬರಲಿ, ಬರಬೇಕು. ಆದರೆ ಈ ಕೆರೆಯಲ್ಲಿ ಗೂಡಿನ ಹತ್ತಿರ ಹೋಗಿ ಚಿತ್ರ ತೆಗೆಯುವುದಕ್ಕೆ ಈಗ ಯಾವ ಸಮರ್ಥನೆಯೂ ಉಳಿದಿಲ್ಲ, ಏರಿಯ ಮೇಲೆ ನಿಂತು ತೆಗೆದ ಚಿತ್ರವೇ ಹೆಚ್ಚು ಬೆಲೆಯುಳ್ಳದ್ದು ಎಂಬುದು ಈ ಬರಹದ ವಾದ.

ಅಂಕಸಮುದ್ರ ಕಾಡಿನ ಸರೋವರವಲ್ಲ. ಶತಮಾನಗಳ ಹಿಂದೆ ನೀರಾವರಿಗೆಂದು ಕಟ್ಟಿದ, ಊರಿಗೆ ತಾಗಿಕೊಂಡೇ ಇರುವ ಕೆರೆ. ವಿಸ್ತಾರ ಸುಮಾರು 244 ಎಕರೆ. ಕೆರೆಯಂಗಳದ ತುಂಬ ಕರಿಜಾಲಿ ಮರಗಳು. 2017ರಲ್ಲಿ ಇದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರ ಜನವರಿ 31ರಂದು ಜೌಗುಭೂಮಿಗಳಿಗೆ ಸಲ್ಲುವ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮಾನ್ಯತೆಯ ಘೋಷಣೆ ಹೊರಬಿತ್ತು. ಅದೇ ದಿನ ಕರಾವಳಿಯ ಅಘನಾಶಿನಿ ಅಳಿವೆಗೂ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಆ ಮಾನ್ಯತೆ ದೊರೆಯಿತು. ಅಲ್ಲಿಯವರೆಗೆ ಕರ್ನಾಟಕಕ್ಕಿದ್ದ ಒಂದೇ ರಾಮ್ಸಾರ್ ತಾಣ ರಂಗನತಿಟ್ಟು. ಸುಮಾರು 240 ಜಾತಿಯ ಹಕ್ಕಿಗಳು ಅಂಕಸಮುದ್ರದಲ್ಲಿ ದಾಖಲಾಗಿವೆ. ಮೂವತ್ತು ಸಾವಿರಕ್ಕೂ ಮಿಕ್ಕಿದ ನೀರುಹಕ್ಕಿಗಳು ಇಲ್ಲಿ ಗೂಡು ಕಟ್ಟುತ್ತವೆ, ರಾತ್ರಿ ತಂಗುತ್ತವೆ. ಬಣ್ಣದ ಕೊಕ್ಕರೆ ಮತ್ತು ಕರಿತಲೆಯ ಕೆಂಬರಲು, ಈ ಎರಡು ಜಾತಿಗಳ ಒಟ್ಟು ಪ್ರಾದೇಶಿಕ ಸಂಖ್ಯೆಯಲ್ಲಂತೂ ನೂರಕ್ಕೆ ಒಂದಕ್ಕಿಂತ ಹೆಚ್ಚು ಪಾಲು ಈ ಒಂದೇ ಕೆರೆಯಲ್ಲಿದೆ. ಮಳೆ ಕೈಕೊಡುವುದೇ ಹೆಚ್ಚಾಗಿರುವ ಬಯಲುಸೀಮೆಯ ಊರಕೆರೆಯೊಂದು ಇಷ್ಟು ಜೀವವನ್ನು ಹೊತ್ತಿರುವುದು ಸಣ್ಣ ಸಂಗತಿಯಲ್ಲ.

ಇಲ್ಲಿಯೇ ಏಕೆ ಎಂಬುದಕ್ಕೆ ಉತ್ತರ ಎರಡು ಕಡೆ ಇದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಯ ತಗ್ಗು ನೆಲದಲ್ಲಿ ಹಿನ್ನೀರು ಹರಡಿತು. ಹಿನ್ನೀರು ಇಳಿಯುತ್ತ ಹೋದಂತೆ ಉಳಿಯುವ ಕೆಸರು, ಮೊಣಕಾಲುದ್ದದ ನೀರು, ಅದರಲ್ಲಿ ಸಿಗುವ ಮೀನು ಉದ್ದಕಾಲಿನ ಹಕ್ಕಿಗಳಿಗೆ ಊಟ. ಊಟ ಸಿಕ್ಕರೆ ಸಾಲದು, ಮರಿ ಬೆಳೆಸಲು ಭದ್ರವಾದ ಜಾಗ ಬೇಕು. ನೀರಿನ ನಡುವೆ ನಿಂತ ಮುಳ್ಳಿನ ಜಾಲಿಗೆ ನಾಯಿ, ನರಿ, ಕಾಡುಬೆಕ್ಕು ಸುಲಭಕ್ಕೆ ತಲುಪವು. ಅಂಕಸಮುದ್ರದಲ್ಲಿ ಹಕ್ಕಿಗೆ ಕೋಟೆಗೋಡೆ ಎಂದರೆ ಆ ನೀರೇ. ಹರಿಗೋಲು ಹತ್ತಿಯೋ ಬೇಸಿಗೆಯಲ್ಲಿ ನೀರು ಸರಿದ ಅಂಗಳದಲ್ಲಿ ನಡೆದೋ ಮರದ ಬುಡಕ್ಕೆ ಹೋಗುವ ಮನುಷ್ಯ ಯಾವ ಭರವಸೆಯ ಮೇಲೆ ಹಕ್ಕಿ ಈ ಜಾಗವನ್ನು ಆರಿಸಿಕೊಂಡಿತೋ ಅದನ್ನೇ ಕೆಡಿಸುತ್ತಾನೆ.

ಅದರಿಂದ ಏನಾಗುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು. ದಕ್ಷಿಣ ಭಾರತದಲ್ಲಿ ಬಣ್ಣದ ಕೊಕ್ಕರೆಯ ಸಂತಾನಕಾಲ ಮಳೆಗಾಲದ ಕೊನೆಯಿಂದ ಬೇಸಿಗೆಯ ಕಡೆಗೆ ಚಾಚಿಕೊಳ್ಳುತ್ತದೆ. ಕಾವು ಕೂರುವುದು ಸುಮಾರು ಒಂದು ತಿಂಗಳು, ಮರಿ ಹಾರಲು ಮತ್ತೆ ಎರಡು ತಿಂಗಳು. ಹಂಪಿಯ ಪ್ರವಾಸದ ಹಂಗಾಮು, ಕ್ರಿಸ್‌ಮಸ್ ರಜೆ, ಸಂಕ್ರಾಂತಿ ಎಲ್ಲವೂ ಈ ಅವಧಿಯೊಳಗೇ ಬರುತ್ತವೆ. ಈ ಸೀಮೆಯ ಬಿಸಿಲಿಗೆ ಮೈತುಂಬ ಪುಕ್ಕವಿಲ್ಲದ ಮರಿ ತಾಳುವುದಿಲ್ಲ. ಅದಕ್ಕೇ ತಾಯಿಯೋ ತಂದೆಯೋ ರೆಕ್ಕೆ ಬಿಚ್ಚಿ ನೆರಳು ಮಾಡಿ ನಿಲ್ಲುತ್ತದೆ. ಕೊಕ್ಕಿನಲ್ಲಿ ನೀರು ತಂದು ಮರಿಗಳ ಮೇಲೆ ಸುರಿಯುವುದೂ ಉಂಟು. ದೊಡ್ಡ ಹಕ್ಕಿ ಬೆದರಿ ಎದ್ದರೆ ಆ ನೆರಳು ಹೋಯಿತು. ಕಾಗೆ, ಹದ್ದುಗಳು ಕಾಯುತ್ತಿರುವುದು ಇಂಥ ಗಳಿಗೆಗೇ. ಒಂದು ಮರದ ಬೆದರಿಕೆ ಪಕ್ಕದ ಮರಕ್ಕೆ ಹಬ್ಬುತ್ತದೆ. ಗುಂಪಾಗಿ ಗೂಡು ಕಟ್ಟುವ ಹಕ್ಕಿಗಳ ಬಲವೂ ದೌರ್ಬಲ್ಯವೂ ಅದೇ. ಅರೆಬಲಿತ ಮರಿ ಗಾಬರಿಯಲ್ಲಿ ಕೊಂಬೆಗೆ ಸರಿದು ನೀರಿಗೆ ಬಿದ್ದರೆ ಅದನ್ನು ಎತ್ತಿ ಗೂಡಿಗೆ ಸೇರಿಸುವ ಶಕ್ತಿ ತಂದೆತಾಯಿಗಿಲ್ಲ. ಇದಾವುದೂ ಚಿತ್ರದಲ್ಲಿ ಕಾಣುವುದಿಲ್ಲ. ಚಿತ್ರ ತೆಗೆದವರು ಹೊರಟ ಮೇಲೆ ನಡೆಯುವ ನಷ್ಟವಾದ್ದರಿಂದ, ತಮ್ಮಿಂದ ಏನೂ ಆಗಲಿಲ್ಲ ಎಂದು ಅವರು ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ.

ಹಿಂದಿನ ದೊಡ್ಡವರು ಗೂಡುಗಳನ್ನೇ ಚಿತ್ರಿಸಲಿಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಚಿತ್ರಿಸಿದರು. ಪಕ್ಷಿತಜ್ಞ ಸಲೀಂ ಅಲಿಯವರೊಡನೆ ತಿರುಗಾಡಿದ ಛಾಯಾಗ್ರಾಹಕ ಲೋಕ್ ವಾನ್ ಥೋ ಅವರ ಚಿತ್ರಗಳಲ್ಲಿ ಗೂಡಿನವು ಬಹಳ. ಇಲ್ಲಿಗೆ ದೂರವಲ್ಲದ ಸಂಡೂರಿನ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಸಚಿವರಾಗಿದ್ದಂತೆಯೇ ಹೆಸರಾಂತ ವನ್ಯಜೀವಿ ಛಾಯಾಗ್ರಾಹಕರೂ ಆಗಿದ್ದರು. ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಹಿಂದೆ ಬಿದ್ದ ಕಥೆ ಕನ್ನಡ ಓದುಗರಿಗೆ ಗೊತ್ತೇ ಇದೆ. ಆ ಕಾಲದ ಫಿಲ್ಮಿಗೆ ಬೆಳಕು ಹೆಚ್ಚು ಬೇಕಿತ್ತು, ಲೆನ್ಸಿನ ಸೆಳೆತ ಕಡಿಮೆಯಿತ್ತು, ರೋಲು ಮುಗಿಯುವುದರೊಳಗೆ ಹಕ್ಕಿ ಚೌಕಟ್ಟಿನೊಳಗೆ ಬರಬೇಕಿತ್ತು. ಹಕ್ಕಿ ಮತ್ತೆ ಮತ್ತೆ ತಪ್ಪದೆ ಬರುವ ಜಾಗ ಗೂಡೊಂದೇ. ಮರೆ ಕಟ್ಟಿ ಗಂಟೆಗಟ್ಟಲೆ ಕಾಯುವುದು ಆ ಕಾಲದ ಅನಿವಾರ್ಯ ವಿಧಾನ. ಬದುಕಿನ ಕ್ರಮವೇ ತಿಳಿಯದಿದ್ದ ಹಕ್ಕಿಗಳ ಬಗ್ಗೆ ಅದರಿಂದ ತಿಳಿವಳಿಕೆಯೂ ದಕ್ಕಿತು. ಇಂದು ಮಬ್ಬು ಬೆಳಕಿನಲ್ಲೂ ಹಾರುವ ಹಕ್ಕಿಯ ಕಣ್ಣನ್ನು ಹಿಡಿಯುವ ಕ್ಯಾಮೆರಾ ಮಧ್ಯಮವರ್ಗದವರ ಕೈಯಲ್ಲೂ ಇದೆ. ಬಣ್ಣದ ಕೊಕ್ಕರೆ ಹೇಗೆ ಮರಿ ಸಾಕುತ್ತದೆಂಬುದು ಪುಸ್ತಕಗಳಲ್ಲಿದೆ. ಅನಿವಾರ್ಯತೆಯೂ ಹೋಯಿತು, ಹೊಸ ತಿಳಿವಳಿಕೆಯೂ ಇಲ್ಲ. ಉಳಿದದ್ದು ಅಭ್ಯಾಸ ಮಾತ್ರ. ಗೂಡಿನ ಚಿತ್ರಗಳನ್ನು ತೆಗೆದುಕೊಳ್ಳದ ಛಾಯಾಚಿತ್ರ ಸ್ಪರ್ಧೆಗಳು ನಮ್ಮ ದೇಶದಲ್ಲೂ ಇವೆ ಎಂಬುದನ್ನು ಇಲ್ಲಿ ನೆನೆಯಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ: ಕುರಿಗಾಹಿಗಳು, ರೈತರು ದಿನವೂ ಕೆರೆಯ ಸುತ್ತ ಓಡಾಡುತ್ತಾರೆ, ಅವರಿಗೆ ಹೆದರದ ಹಕ್ಕಿ ನಾಲ್ಕು ಮಂದಿ ಪ್ರವಾಸಿಗರಿಗೆ ಹೆದರುತ್ತದೆಯೇ? ಹಕ್ಕಿ ಮನುಷ್ಯನನ್ನು ಅಳೆಯುವುದು ಅವನ ನಡವಳಿಕೆಯಿಂದ. ಕುರಿಗಾಹಿ ತನ್ನ ಪಾಡಿಗೆ ತಾನು ಹೋಗುತ್ತಾನೆ, ಅವನ ಗಮನ ಕುರಿಯ ಮೇಲೆ, ದಾರಿ ನಿನ್ನೆಯದೇ. ಕ್ಯಾಮೆರಾದವನು ನಿಲ್ಲುತ್ತಾನೆ, ಬಗ್ಗುತ್ತಾನೆ, ಗೂಡನ್ನೇ ದಿಟ್ಟಿಸುತ್ತ ನೇರ ಅದರ ಕಡೆಗೆ ಹೆಜ್ಜೆ ಇಡುತ್ತಾನೆ. ಬೇಟೆಗಾರ ಪ್ರಾಣಿಯ ನಡೆ ಇದೇ. ಅಷ್ಟೇ ಅಲ್ಲ, ಊರಿನವರ ದಿನನಿತ್ಯದ ಓಡಾಟಕ್ಕೆ ಹೊಂದಿಕೊಳ್ಳಲು ಹಕ್ಕಿಗೆ ವರ್ಷಗಳ ಕಾಲಾವಕಾಶ ಸಿಕ್ಕಿತ್ತು. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಇದೇ ಬಣ್ಣದ ಕೊಕ್ಕರೆ ಮನೆಯ ಹಿತ್ತಿಲ ಮರದಲ್ಲಿ ಗೂಡು ಕಟ್ಟುವುದೂ ಇಂಥ ಹಳೆಯ ಪರಿಚಯದಿಂದಲೇ. ವಾರಕ್ಕೊಂದು ಹೊಸ ಗುಂಪು ಬಂದರೆ ಆ ಪರಿಚಯ ಬೆಳೆಯುವುದಿಲ್ಲ. ಉದ್ದನೆಯ ಲೆನ್ಸ್ ಇದ್ದರೆ ತೊಂದರೆಯಿಲ್ಲ ಎಂಬ ಮಾತು ಅರ್ಧ ನಿಜ: ಆ ಲೆನ್ಸ್ ಏರಿಯ ಮೇಲೆ ಇದ್ದಾಗ ನಿಜ, ಅದನ್ನು ಹೊತ್ತು ಇನ್ನಷ್ಟು ಹತ್ತಿರ ಹೋದಾಗ ಅಲ್ಲ.

ಚಿತ್ರಗಳಿಂದಲೇ ಕೆರೆಗೆ ಹೆಸರು ಬಂತು, ಹೆಸರಿನಿಂದ ರಕ್ಷಣೆ ಬಂತು ಎಂಬ ವಾದವನ್ನು ತಳ್ಳಿಹಾಕಲಾಗದು. ಆದರೆ ಯಾವ ಚಿತ್ರ? ರಾಮ್ಸಾರ್ ಮಾನ್ಯತೆಗೆ ಲೆಕ್ಕಕ್ಕೆ ಬರುವ ಅಳತೆಗೋಲುಗಳಲ್ಲಿ ಇಪ್ಪತ್ತು ಸಾವಿರ ನೀರುಹಕ್ಕಿಗಳಿರುವುದು ಒಂದು, ಯಾವುದಾದರೂ ಜಾತಿಯ ನೂರಕ್ಕೆ ಒಂದು ಪಾಲು ಇರುವುದು ಇನ್ನೊಂದು. ಎರಡೂ ಎಣಿಕೆಯ ಮಾತು. ಮೂರು ಮರಿಗಳ ಬಾಯಿ ತುಂಬಿದ ಸಮೀಪದ ಚಿತ್ರ ರಂಗನತಿಟ್ಟಿನದೂ ಇರಬಹುದು, ರಾಜಸ್ಥಾನದ ಭರತಪುರದ್ದೂ ಇರಬಹುದು. ಅಂಕಸಮುದ್ರದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಏರಿಯ ಒಂದೇ ಜಾಗದಿಂದ ಪ್ರತಿವರ್ಷ ತೆಗೆದ ಅಗಲವಾದ ಚಿತ್ರದಲ್ಲಿ ನೀರು ಎಲ್ಲಿಯವರೆಗೆ ನಿಂತಿತ್ತು, ಎಷ್ಟು ಮರಗಳಲ್ಲಿ ಗೂಡಿತ್ತು, ಯಾವ ಜಾಲಿ ಒಣಗಿತು ಎಂಬುದೆಲ್ಲ ಉಳಿಯುತ್ತದೆ. ಬಹುಕಾಲ ನೀರಿನಲ್ಲಿ ನಿಂತ ಜಾಲಿ ಸೊರಗುತ್ತದೆ, ಹಿಕ್ಕೆಯ ಖಾರವೂ ಸೇರುತ್ತದೆ. ಹಳೆಯ ಮರ ಬಿದ್ದ ಕಡೆ ಹೊಸದು ಬರುತ್ತಿದೆಯೇ ಎಂಬುದರ ಮೇಲೆ ಈ ಕೆರೆಯ ಮುಂದಿನ ದಿನಗಳು ನಿಂತಿವೆ. ರಜೆಗೆ ಬಂದವರೂ ಇಂಥ ದಾಖಲೆಗೆ ಒಂದು ಚಿತ್ರ ಸೇರಿಸಬಹುದು. ಮೀನು ಕಚ್ಚಿ ಬರುವ, ಕಡ್ಡಿ ಹೊತ್ತು ಇಳಿಯುವ, ಸಂಜೆ ಸಾಲುಗಟ್ಟಿ ಮರಳುವ ಹಕ್ಕಿಗಳು ಏರಿಯಿಂದಲೇ ಧಾರಾಳವಾಗಿ ಸಿಗುತ್ತವೆ.

ಮಾನ್ಯತೆಯಿಲ್ಲದ ಕಡೆ ಎಚ್ಚರ ಇನ್ನೂ ಹೆಚ್ಚು ಬೇಕು. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಯ ಕುರುಚಲು ಬಯಲಿನಲ್ಲಿ, ಉಳುಮೆಯ ಹೊಲಗಳ ಅಂಚಿನಲ್ಲಿ ಟಿಟ್ಟಿಭ, ಗೌಜಲಹಕ್ಕಿ, ನೆಲಗುಬ್ಬಿಗಳು ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ಅವಕ್ಕಿರುವ ರಕ್ಷಣೆ ಕಣ್ಣಿಗೆ ಬೀಳದಿರುವುದೊಂದೇ. ಚಿತ್ರ ಸ್ಪಷ್ಟವಾಗಲೆಂದು ಸುತ್ತಲ ಹುಲ್ಲು ಸರಿಸಿದರೆ, ಮುಳ್ಳುಕಡ್ಡಿ ಮುರಿದರೆ ಬಿಸಿಲೂ ನಾಯಿಯೂ ಒಟ್ಟಿಗೆ ದಾರಿ ಕಂಡುಕೊಳ್ಳುತ್ತವೆ.  1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಎಂಬುದಕ್ಕೆ ಕೊಡುವ ವಿವರಣೆಯಲ್ಲಿ ಕಾಡುಹಕ್ಕಿಯ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದೂ ಸೇರಿದೆ. ಬಂದೂಕಿಲ್ಲದವರಿಗೂ ಆ ಮಾತು ಅನ್ವಯಿಸುತ್ತದೆ.

ಇನ್ನು ಊರಿನ ಲಾಭದ ಪ್ರಶ್ನೆ. ಬರಕ್ಕೆ ಹೆಸರಾದ ಸೀಮೆಗೆ ಪ್ರವಾಸಿಗರು ಬೇಕು, ಬಿಗಿ ನಿಯಮ ಅವರನ್ನು ಓಡಿಸುತ್ತದೆ ಎಂಬ ಆತಂಕ ನ್ಯಾಯವಾದದ್ದು. ಆದರೆ ಬರುವವರು ಬರುವುದು ಹಕ್ಕಿಗಾಗಿ. ಎರಡು ಮೂರು ವರ್ಷ ಮರಿ ಉಳಿಯದಿದ್ದರೆ ಕೊಕ್ಕರೆಗಳು ಬೇರೆ ನೀರು ಹುಡುಕಿಕೊಳ್ಳುತ್ತವೆ. ಸಂರಕ್ಷಣಾ ಮೀಸಲಿನ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಗೆ ಕಾಯ್ದೆಯೇ ಜಾಗ ಕೊಟ್ಟಿದೆ. ಗೂಡಿನ ಕಾಲದಲ್ಲಿ ಏರಿಯ ಇಷ್ಟು ಭಾಗ ನೋಡುಗರಿಗೆ, ಅಂಗಳಕ್ಕೆ ಯಾರೂ ಇಳಿಯುವಂತಿಲ್ಲ, ಡ್ರೋನ್ ಹಾರಿಸುವಂತಿಲ್ಲ, ಊರಿನ ಹುಡುಗ ಹುಡುಗಿಯರೇ ದುರ್ಬೀನು ಹಿಡಿದು ಹಕ್ಕಿ ತೋರಿಸುವವರು, ಅವರಿಗೆ ನಿಗದಿಯಾದ ಕೂಲಿ ಎಂದು ಆ ಸಮಿತಿ ಸಲಹೆ ಮಾಡಬಹುದು. ಇದಕ್ಕೆ ದೊಡ್ಡ ಅನುದಾನ ಬೇಡ. ಹಂಪಿ, ಹೊಸಪೇಟೆಯ ವಸತಿಗೃಹದವರು ಈ ನಿಯಮಗಳನ್ನು ಅತಿಥಿಗಳಿಗೆ ಹಿಂದಿನ ರಾತ್ರಿಯೇ ಹೇಳಿ ಕಳಿಸಿದರೆ ಕೆರೆಯ ಬಳಿ ವಾಗ್ವಾದವೂ ತಪ್ಪುತ್ತದೆ.