ಹಾವಿನ ಮದ್ದು ಬಾಟ್ಲಿಯಲ್ಲಿ ತಯಾರಾಗಿ ಕೂತಿರುವುದಿಲ್ಲ

ಮಳೆ ಹಿಡಿದ ಮೇಲೆ ಪುತ್ತೂರು, ಸುಳ್ಯ, ಕಡಬದ ಕಡೆ ಹುಲ್ಲು ಹೆರೆಯುವಾಗಲೋ, ತೋಟದಲ್ಲಿ ಅಡಿಕೆ ಹೆಕ್ಕುವಾಗಲೋ ಹಾವು ಕಚ್ಚಿದವರನ್ನು ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡುತ್ತಾರೆ. ಅಲ್ಲಿ ತಲೆಬಿಸಿಯಲ್ಲಿ ಬರುವ ಮೊದಲ ಮಾತು: "ಇಂಜೆಕ್ಷನ್ ಉಂಟಲ್ಲ, ಒಂದು ಚುಚ್ಚಿ ಮಾರಾಯ್ರೆ, ಎಂತ ಕಾಯುದು?" ಮದ್ದು ಬಾಟ್ಲಿಯಲ್ಲಿ ತಯಾರಾಗಿದೆ, ಕೊಡುವವರೇ ತಡ ಮಾಡುತ್ತಿದ್ದಾರೆ ಎಂಬುದು ನಂಬಿಕೆ.

ನಮ್ಮ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಸಿಗುವ ವಿಷನಿರೋಧಕ ಒಣಪುಡಿಯ ರೂಪದಲ್ಲಿರುತ್ತದೆ. ಕುದುರೆಗೆ ಹಾವಿನ ವಿಷವನ್ನು ಸ್ವಲ್ಪಸ್ವಲ್ಪವೇ ಕೊಟ್ಟು, ಅದರ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ಬೇರ್ಪಡಿಸಿ, ಹೆಪ್ಪುಗಟ್ಟಿಸಿ ಒಣಗಿಸಿದ ಪುಡಿ ಅದು. ಒಂದೊಂದು ವಯಲ್‌ಗೂ 10 ಮಿ.ಲೀ. ಕ್ರಿಮಿಶುದ್ಧ ನೀರು ಹಾಕಿ ಕರಗಿಸಬೇಕು. ಶುರುವಿನ ಪ್ರಮಾಣವೇ ಸಾಮಾನ್ಯವಾಗಿ 10 ವಯಲ್. ಅವಸರವೆಂದು ಕುಲುಕುವ ಹಾಗೂ ಇಲ್ಲ. ಕುಲುಕಿದರೆ ಕಡೆದ ಮಜ್ಜಿಗೆಯ ಹಾಗೆ ನೊರೆ ಬರುತ್ತದೆ. ನೊರೆಯಲ್ಲಿ ಸಿಕ್ಕಿದ ಪ್ರೋಟೀನ್ ಕೆಡುತ್ತದೆ, ಸಿರಿಂಜಿಗೆ ಪೂರ್ತಿ ಎಳೆಯಲೂ ಆಗುವುದಿಲ್ಲ. ವಯಲನ್ನು ಅಂಗೈಗಳ ನಡುವೆ ಮೆಲ್ಲಗೆ ತಿರುಗಿಸುತ್ತ ಪುಡಿ ಕರಗುವವರೆಗೆ ಕಾಯಬೇಕು. ಕರಗಿದ ಮೇಲೂ ಮಸುಕಾಗಿದ್ದರೆ, ಕಣ ತೇಲುತ್ತಿದ್ದರೆ ಆ ವಯಲ್ ಎಸೆಯಬೇಕು. ಆಮೇಲೆ ಸಲೈನಿಗೆ ಬೆರೆಸಿ ಸುಮಾರು ಒಂದು ಗಂಟೆಯಲ್ಲಿ ರಕ್ತನಾಳಕ್ಕೆ ಇಳಿಸುತ್ತಾರೆ. ಹೊರಗೆ ನಿಂತವರಿಗೆ ಕಾಣುವುದು ನರ್ಸ್ ಒಬ್ಬರು ಬಾಟ್ಲಿ ತಿರುಗಿಸುತ್ತ ನಿಂತಿರುವುದು ಮಾತ್ರ. ಬೈಗುಳ ಬೀಳುವುದೂ ಆಗಲೇ.

ಕಾಯುವುದಕ್ಕೆ ಇನ್ನೊಂದು ಕಾರಣವಿದೆ. ಕಚ್ಚಿದ್ದು ವಿಷದ ಹಾವೇ ಆಗಿದ್ದರೂ ಪ್ರತಿ ಕಡಿತದಲ್ಲೂ ವಿಷ ಒಳಗೆ ಹೋಗಿರುವುದಿಲ್ಲ. ವಿಷ ಏರಿದ ಲಕ್ಷಣವಿದ್ದರೆ ಮಾತ್ರ ಈ ಮದ್ದು. ರಕ್ತಕ್ಕೆ ವಿಷ ತಾಗಿದೆಯೋ ಎಂದು ತಿಳಿಯಲು ಒಣಗಿದ, ಶುಭ್ರವಾದ ಗಾಜಿನ ನಳಿಕೆಯಲ್ಲಿ 2 ಮಿ.ಲೀ. ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಡುತ್ತಾರೆ. ಬಗ್ಗಿಸಿದಾಗ ರಕ್ತ ಹೆಪ್ಪುಗಟ್ಟದೆ ಹರಿದರೆ ಅದು ವಿಷದ ಗುರುತು. ನಳಿಕೆ ಪ್ಲಾಸ್ಟಿಕ್‌ನದಾದರೆ, ಅಥವಾ ಸೋಪಿನಲ್ಲಿ ತೊಳೆದದ್ದಾದರೆ ಫಲಿತಾಂಶ ನಂಬುವ ಹಾಗಿಲ್ಲ. ಇಷ್ಟು ಅಗ್ಗದ ಪರೀಕ್ಷೆ ಇಷ್ಟು ದೊಡ್ಡ ತೀರ್ಮಾನಕ್ಕೆ ಆಧಾರವಾಗುವುದು ನನಗಂತೂ ಸೋಜಿಗ.

"ಸಣ್ಣ ಮಗು ಅಲ್ವಾ, ಅರ್ಧ ಡೋಸ್ ಸಾಕು." ಜ್ವರದ ಸಿರಪ್ಪಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮದ್ದು ಸೆಣಸುವುದು ವಿಷದೊಂದಿಗೆ. ಮಗುವೆಂದು ಹಾವು ಅರ್ಧ ವಿಷ ಬಿಡುವುದಿಲ್ಲ. ದೊಡ್ಡವರಿಗೆ ಎಷ್ಟೋ ಮಗುವಿಗೂ ಅಷ್ಟೇ ವಯಲ್; ಬೆರೆಸುವ ಸಲೈನ್ ಮಾತ್ರ ಕಡಿಮೆ.

ಕರೆಂಟು ಹೋದರೆ ತಂಪಿನಲ್ಲಿಟ್ಟ ಮದ್ದು ಕೆಡುತ್ತದೆಂಬ ನಮ್ಮವರ ಹೆದರಿಕೆಗೆ ಕಾರಣವಿಲ್ಲದಿಲ್ಲ. ಮರ ಬಿದ್ದು ಲೈನ್ ಹೋಯಿತೆಂದರೆ ಸುಳ್ಯ, ಕಡಬದ ಹಳ್ಳಿಗಳಲ್ಲಿ ಕರೆಂಟು ಯಾವಾಗ ಬರುತ್ತದೆ ಎಂದು ಕೇಳುವುದೇ ಬೇಡ. ಹಾಗಾದರೆ ಆಸ್ಪತ್ರೆಯ ಮದ್ದೆಲ್ಲ ಹಾಳೇ? ಹಾವಿನ ಮದ್ದಿನ ಪುಡಿಗೆ ತಂಪಾದ ಜಾಗ ಸಾಕು, ಸುಮಾರು 5 ವರ್ಷ ಬಾಳುತ್ತದೆ. ದ್ರವರೂಪದ್ದಕ್ಕೆ ಮಾತ್ರ 2ರಿಂದ 8 ಡಿಗ್ರಿ ಬೇಕು, ಅದರ ಆಯಸ್ಸು ಸುಮಾರು 2 ವರ್ಷ. ಇಂಥ ಊರುಗಳಿಗೆ ಪುಡಿಯೇ ಒಳ್ಳೆಯದೆನ್ನಲು ಇದೇ ಕಾರಣ. ನಾಯಿ ಕಚ್ಚಿದರೆ ಕೊಡುವ ರೇಬಿಸ್ ಲಸಿಕೆಯಂಥವಕ್ಕೆ 2ರಿಂದ 8 ಡಿಗ್ರಿ ತಪ್ಪಿಸುವ ಹಾಗಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಲಸಿಕೆ ಇಡುವ ಐಎಲ್‌ಆರ್ (ಐಸ್ ಲೈನ್ಡ್ ರೆಫ್ರಿಜರೇಟರ್) ಪೆಟ್ಟಿಗೆ ದಿನಕ್ಕೆ 8 ಗಂಟೆ ಕರೆಂಟು ಸಿಕ್ಕರೂ ಒಳಗಿನ ತಂಪನ್ನು ಹಿಡಿದಿಟ್ಟುಕೊಳ್ಳುತ್ತದೆ. ಮನೆಯ ಫ್ರಿಜ್ಜಿಗೆ ಆ ತಾಕತ್ತಿಲ್ಲ. ತಂಪು ಹೆಚ್ಚಾದಷ್ಟೂ ಒಳ್ಳೆಯದು ಎಂದು ಇನ್ಸುಲಿನ್ನನ್ನು ಫ್ರೀಜರ್ ಪಕ್ಕಕ್ಕೆ ತಳ್ಳುವವರಿದ್ದಾರೆ. ಒಮ್ಮೆ ಮಂಜುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಮೊದಲಿನಂತೆ ಕಂಡರೂ ಬಳಸಬಾರದು.

ತೋಟ ದೊಡ್ಡದಿದ್ದವರು ಕೇಳುವ ಪ್ರಶ್ನೆಯೊಂದಿದೆ: "ಮನೆಯಲ್ಲೇ ಒಂದು ಬಾಟ್ಲಿ ತಂದಿಟ್ಟರೆ ಆಗುದಿಲ್ವಾ?" ಕೇಳಲು ಜಾಣತನವೆನಿಸುತ್ತದೆ, ಆದರೆ ಅಪಾಯದ ಯೋಚನೆ. ಮೊದಲನೆಯದಾಗಿ, 10 ಬೇಕಾದಲ್ಲಿ ಒಂದು ವಯಲ್ ಏನೂ ಮಾಡಲಾರದು. ಅದಕ್ಕಿಂತ ಮುಖ್ಯವಾಗಿ, ಇದು ಕುದುರೆಯ ಪ್ರೋಟೀನ್; ಕೆಲವರ ಮೈ ಇದನ್ನು ಸಹಿಸದೆ ನಿಮಿಷಗಳಲ್ಲಿ ತುರಿಕೆ, ಉಸಿರುಕಟ್ಟು, ರಕ್ತದೊತ್ತಡ ಕುಸಿತ ಕಾಣಿಸಿಕೊಳ್ಳಬಹುದು. ಆಸ್ಪತ್ರೆಯಲ್ಲಿ ಮದ್ದು ಹರಿಸುವ ಮೊದಲೇ ಅಡ್ರಿನಾಲಿನ್ ಸಿರಿಂಜಿಗೆ ಎಳೆದಿಟ್ಟುಕೊಳ್ಳುತ್ತಾರೆ. ಹಿಂದೆ ಚರ್ಮದ ಕೆಳಗೆ ಚುಚ್ಚಿ ನೋಡುತ್ತಿದ್ದ ಟೆಸ್ಟ್ ಡೋಸ್ ಯಾರಿಗೆ ಆಗಿಬರುವುದಿಲ್ಲ ಎಂದು ಮುಂಚೆ ಹೇಳಲಾರದೆಂದು ಅದನ್ನು ಬಿಡಲಾಗಿದೆ. ಆದ್ದರಿಂದ "ಟೆಸ್ಟ್ ಮಾಡದೆಯೇ ಕೊಟ್ಟರು" ಎಂಬ ದೂರಿನಲ್ಲೂ ಹುರುಳಿಲ್ಲ.

ಹಾವನ್ನು ಹೊಡೆದು ಪ್ಲಾಸ್ಟಿಕ್ ಚೀಲದಲ್ಲಿ ತರುವ ಅಭ್ಯಾಸ ಇನ್ನೂ ಹೋಗಿಲ್ಲ. ನಾಗಾರಾಧನೆಯ ಕುಕ್ಕೆ ಸುಬ್ರಹ್ಮಣ್ಯ ಇರುವುದು ಕಡಬ ತಾಲೂಕಿನಲ್ಲೇ. ನಾಗರಹಾವಿಗೆ ಇಲ್ಲಿ ಕೈ ಎತ್ತುವವರು ಕಡಿಮೆ. ಉಳಿದ ಹಾವುಗಳಿಗೆ ಆ ರಕ್ಷಣೆ ಇಲ್ಲ. ಒಂದೊಂದು ಹಾವಿಗೂ ಬೇರೆ ಬೇರೆ ಮದ್ದಿದೆ, ತೋರಿಸದಿದ್ದರೆ ಡಾಕ್ಟರಿಗೆ ಗೊತ್ತಾಗುವುದು ಹೇಗೆ ಎಂಬುದು ವಾದ. ಆದರೆ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಭಾರತದಲ್ಲಿ ಮದ್ದು ಒಂದೇ. ಹಿಡಿಯಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳುವ ಅಗತ್ಯವಿಲ್ಲ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಎಲ್ಲಿ ಎಷ್ಟು ಕಡಿತವೆಂಬ ಲೆಕ್ಕ ಸರಿಯಾಗಿ ಸಿಕ್ಕರೆ ಯಾವ ಆಸ್ಪತ್ರೆಯಲ್ಲಿ ಎಷ್ಟು ವಯಲ್ ಇಡಬೇಕೆಂದು ನಿರ್ಧರಿಸುವುದು ಸುಲಭ.

ಆದರೆ ಆ ನಾಲ್ಕರಲ್ಲಿ ಸೇರದ ಒಂದು ಸಣ್ಣ ಹಾವು ಪಶ್ಚಿಮ ಘಟ್ಟದ ಸೆರಗಿನ ತೋಟಗಳಲ್ಲಿದೆ: ಮೂತಿಯ ತುದಿ ಮೇಲಕ್ಕೆ ಎದ್ದಿರುವ, ತರಗೆಲೆಯ ಬಣ್ಣದ ಉಬ್ಬುಮೂಗಿನ ಗುಳಿಮಂಡಲ. ಇದರ ವಿಷಕ್ಕೆ ನಮ್ಮಲ್ಲಿರುವ ಮದ್ದು ಕೆಲಸ ಮಾಡುವುದಿಲ್ಲ. ಕೆಲವರಿಗೆ ಇದರಿಂದ ರಕ್ತ ಹೆಪ್ಪುಗಟ್ಟುವುದು ನಿಲ್ಲುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ. ಕೊಳಕುಮಂಡಲದ ಮರಿಯೆಂದು ತಿಳಿದು ವಯಲ್ ಮೇಲೆ ವಯಲ್ ಏರಿಸಿದರೆ ಉಪಯೋಗವಿಲ್ಲ, ಅಲರ್ಜಿಯ ಅಪಾಯ ಮಾತ್ರ ಉಳಿಯುತ್ತದೆ. ಇಂಥಲ್ಲಿ ಹಾವಿನ ಗುರುತು ನಿಜಕ್ಕೂ ಬೇಕು. ಅದಕ್ಕೆ ದೂರ ನಿಂತು ಮೊಬೈಲಿನಲ್ಲಿ ತೆಗೆದ ಫೋಟೊ ಸಾಕು, ತೆಗೆಯಲು ಆಗದಿದ್ದರೆ ಅದಕ್ಕೆಂದು ಹುಡುಕುತ್ತ ನಿಲ್ಲದೆ ಹೊರಟುಬಿಡಬೇಕು.