ಊರಿನಲ್ಲೇ ಕುಳಿತು ವೈದ್ಯರ ಸಲಹೆ: ಹಾಲು ಉತ್ಪಾದಕರು ತಿಳಿದಿರಬೇಕಾದ ವಿಷಯಗಳು



ಬೆಳಿಗ್ಗೆ ಹಾಲು ಹಿಂಡಿ ಸಂಘಕ್ಕೆ ಹಾಕುವುದು, ಸಂಜೆ ಮತ್ತೆ ಹಿಂಡುವುದು, ನಡುವೆ ಮೇವು, ನೀರು, ಸಗಣಿ. ಈ ಕಸುಬಿಗೆ ರಜೆ ಎಂಬುದಿಲ್ಲ. ಹಿಂಡುವವರಿಗೇ ಜ್ವರ ಬಂದರೆ "ನಾಳೆ ನೋಡೋಣ" ಎಂದು ಮುಂದೂಡುವುದು ನಮ್ಮಲ್ಲಿ ಸಾಮಾನ್ಯ. ದಾಂಡೇಲಿ ಬಳಿಯ ಮೌಳಂಗಿಯಂಥ ಕಾಳಿ ನದಿ ದಂಡೆಯ ಊರಿನಿಂದ ತಜ್ಞ ವೈದ್ಯರನ್ನು ಕಾಣಲು ಧಾರವಾಡಕ್ಕೋ ಹುಬ್ಬಳ್ಳಿಗೋ ಹೋಗುವುದಾದರೆ 50 ಕಿ.ಮೀ.ಗೂ ಹೆಚ್ಚು ದಾರಿ. ಹೋಗಿ ಬರುವಷ್ಟರಲ್ಲಿ ಒಂದು ಹೊತ್ತಿನ ಹಾಲು ತಪ್ಪುತ್ತದೆ, ಇಲ್ಲವೇ ನೆರೆಯವರನ್ನು ಬೇಡಬೇಕಾಗುತ್ತದೆ. ಜೋಯಿಡಾ ಕಾಡಿನೊಳಗಿನ ಗೌಳಿವಾಡಗಳ ಪಾಡು ಇನ್ನೂ ಕಷ್ಟ. ಉತ್ತರ ಕನ್ನಡಕ್ಕೊಂದು ದೊಡ್ಡ ಆಸ್ಪತ್ರೆ ಬೇಕೆಂದು 2022ರಲ್ಲಿ ಜಿಲ್ಲೆಯ ಜನ ದನಿ ಎತ್ತಿದ್ದು ನಿಮಗೆ ನೆನಪಿರಬಹುದು. ದೂರವಾಣಿಯಲ್ಲಿ ವೈದ್ಯರನ್ನು ಕಾಣುವ ವ್ಯವಸ್ಥೆ ಆ ಆಸ್ಪತ್ರೆಗೆ ಬದಲಿಯಲ್ಲ. ಆದರೂ ಸರಿಯಾಗಿ ಬಳಸಿಕೊಂಡರೆ ಎಷ್ಟೋ ಓಡಾಟ ಉಳಿಯುತ್ತದೆ.

ಇದು ನಮ್ಮ ರಾಜ್ಯಕ್ಕೆ ತೀರ ಹೊಸದೇನಲ್ಲ. 2002ರಲ್ಲಿಯೇ ಇಸ್ರೋ ಸಂಸ್ಥೆಯ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾಸ್ಪತ್ರೆ ಮತ್ತು ಆಗ ಎಚ್.ಡಿ. ಕೋಟೆ ತಾಲೂಕಿಗೆ ಸೇರಿದ್ದ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಗಿತ್ತು. ಸರಗೂರೂ ನಮ್ಮಂತೆಯೇ ಕಾಡಂಚಿನ ಊರು. ಆಗ ಅದಕ್ಕೆ ದೊಡ್ಡ ಯಂತ್ರ ಬೇಕಾಗುತ್ತಿತ್ತು, ಈಗ ಕೈಯಲ್ಲಿನ ಮೊಬೈಲ್ ಸಾಕು. ಕೇಂದ್ರ ಸರ್ಕಾರದ "ಇ-ಸಂಜೀವಿನಿ" ಸೇವೆ 2019ರಲ್ಲಿ ಆರಂಭವಾಯಿತು. 2020ರ ಏಪ್ರಿಲ್‌ನಲ್ಲಿ, ಕೊರೋನಾ ಕಾಲದಲ್ಲಿ, ರೋಗಿಗಳು ಮನೆಯಿಂದಲೇ ನೇರವಾಗಿ ಬಳಸುವಂತಾಯಿತು. 2023ರ ಫೆಬ್ರವರಿ ಹೊತ್ತಿಗೆ ಇದರಲ್ಲಿ ನಡೆದ ಸಮಾಲೋಚನೆಗಳು 10 ಕೋಟಿ ದಾಟಿದ್ದವು. ಸೇವೆ ಉಚಿತ.

ಬಳಸುವುದಕ್ಕೆ ಎರಡು ದಾರಿಗಳಿವೆ. ಮನೆಯಲ್ಲಿ ಒಳ್ಳೆಯ ಮೊಬೈಲ್, ನೆಟ್‌ವರ್ಕ್ ಇದ್ದವರು ತಮ್ಮ ಸಂಖ್ಯೆಯಿಂದ ನೋಂದಾಯಿಸಿ, ಸರದಿ ಬಂದಾಗ ವೈದ್ಯರೊಡನೆ ಮಾತನಾಡಬಹುದು. ನಮ್ಮ ಭಾಗಕ್ಕೆ ಹೆಚ್ಚು ಹೊಂದುವುದು ಎರಡನೆಯದು ಎಂದು ನಮ್ಮ ಅಭಿಪ್ರಾಯ. ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಹೋದರೆ ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿಯವರು ಮೊದಲು ಜ್ವರ, ರಕ್ತದೊತ್ತಡ, ಸಕ್ಕರೆ ನೋಡಿ, ನಂತರ ದೊಡ್ಡ ಕೇಂದ್ರದ ವೈದ್ಯರಿಗೆ ಸಂಪರ್ಕ ಕೊಡುತ್ತಾರೆ. ವೈದ್ಯರಿಗೆ ಅಳೆದ ಅಂಕಿಗಳು ಸಿಗುತ್ತವೆ. ಮನೆಯಲ್ಲಿ ಕೊಂಕಣಿ, ಮರಾಠಿ ಆಡುವ ಹಿರಿಯರಿಗೂ ಜೊತೆಗೊಬ್ಬರು ಸಿಕ್ಕಂತಾಗುತ್ತದೆ. ಯಾವ ದಿನ, ಯಾವ ಹೊತ್ತು ಎಂಬುದನ್ನು ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಿ, ಹಾಲು ಹಾಕಿ ಬಂದ ಮೇಲೆ ಹೋಗಬಹುದು.

ಇನ್ನು ಮುಖ್ಯ ವಿಷಯ. ಎಮ್ಮೆಗೆ ಹುಷಾರಿಲ್ಲವೆಂದು ಪಶುವೈದ್ಯರು ಬಂದಾಗ ನಾವು ಹೇಗೆ ಹೇಳುತ್ತೇವೆ? ಕರು ಹಾಕಿ ಎಷ್ಟು ದಿನ, ಮೆಲುಕು ಯಾವಾಗ ನಿಂತಿತು, ಸಗಣಿ ಹೇಗಿದೆ, ಹಾಲು ಎಷ್ಟು ಲೀಟರ್ ಇಳಿಯಿತು, ಎಲ್ಲವನ್ನೂ ಕೇಳುವ ಮೊದಲೇ ಒಪ್ಪಿಸುತ್ತೇವೆ. ಅದೇ ನಮ್ಮ ಮೈಗೆ ಹುಷಾರಿಲ್ಲದಾಗ "ಸ್ವಲ್ಪ ಜ್ವರ ಸಾರ್" ಎಂದು ಸುಮ್ಮನಾಗುತ್ತೇವೆ. ಎದುರಿಗೆ ಕುಳಿತ ವೈದ್ಯರಾದರೆ ನಾಡಿ ಹಿಡಿದು, ಹೊಟ್ಟೆ ಒತ್ತಿ ನೋಡಿಯಾರು. ಪರದೆಯ ಆಚೆಗಿನ ವೈದ್ಯರಿಗೆ ನಾವು ಹೇಳಿದ್ದೇ ಆಧಾರ. ನಾವು ಕೊಟ್ಟಿಗೆಯಲ್ಲಿ ದುಡಿಯುವವರು ಎಂಬುದು ಅವರಿಗೆ ಕಾಣುವುದಿಲ್ಲ.

ಉದಾಹರಣೆಗೆ ಬ್ರುಸೆಲ್ಲೋಸಿಸ್, ಅಂದರೆ ಕಂದು ಹಾಕುವ ರೋಗ. ಈ ರೋಗವಿರುವ ಹಸು ಎಮ್ಮೆ ಕಂದು ಹಾಕಿದಾಗ ಸತ್ತೆಯನ್ನು ಬರಿಗೈಯಲ್ಲಿ ತೆಗೆದವರಿಗೂ, ಕಾಯಿಸದ ಹಾಲು ಕುಡಿದವರಿಗೂ ಅದು ಅಂಟಬಹುದು. ಮನುಷ್ಯರಲ್ಲಿ ಜ್ವರ ಬಂದು ಬಿಟ್ಟು ಮತ್ತೆ ಬರುತ್ತದೆ. ರಾತ್ರಿ ಬೆವರು, ಸೊಂಟ ನೋವು, ಕೀಲು ನೋವು, ವಾರಗಟ್ಟಲೆ ಸುಸ್ತು. ಮಲೇರಿಯಾವೋ ಟೈಫಾಯ್ಡೋ ಎಂದು ಔಷಧ ನಡೆಯುತ್ತಲೇ ಇರಬಹುದು. "ಎರಡು ತಿಂಗಳ ಹಿಂದೆ ನಮ್ಮ ಎಮ್ಮೆ ಕಂದು ಹಾಕಿತ್ತು, ಸತ್ತೆ ನಾನೇ ತೆಗೆದೆ" ಎಂಬ ಒಂದು ಮಾತು ಹೇಳಿದರೆ ವೈದ್ಯರು ಅದಕ್ಕೆ ಬೇಕಾದ ರಕ್ತ ಪರೀಕ್ಷೆ ಬರೆಯುತ್ತಾರೆ. ರೋಗವೆಂದು ತಿಳಿದರೆ ಸಾಮಾನ್ಯವಾಗಿ 6 ವಾರ ಮಾತ್ರೆ ನುಂಗಬೇಕಾಗುತ್ತದೆ. ನಡುವೆ ಜ್ವರ ಬಿಟ್ಟಿತೆಂದು ನಿಲ್ಲಿಸಿದರೆ ಮರುಕಳಿಸುತ್ತದೆ. (ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳೊಳಗೆ ಇದರ ಲಸಿಕೆ ಹಾಕಿಸುವುದನ್ನು ಸದಸ್ಯರು ತಪ್ಪಿಸಬಾರದು.)

ಹಾಗೆಯೇ ದನಗಳನ್ನು ಕಾಡಿಗೆ ಮೇಯಲು ಬಿಡುವವರು ಉಣುಗು ಕಚ್ಚಿದ್ದನ್ನು, ಕಾಡಿನಲ್ಲಿ ಮಂಗ ಸತ್ತು ಬಿದ್ದದ್ದನ್ನು ಹೇಳಲೇಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ 2024ರಲ್ಲಿ ಸಿದ್ದಾಪುರ ಕಡೆ ಜೋರಾಗಿಯೇ ಇತ್ತು. ಮಳೆಗಾಲದಲ್ಲಿ ಕೊಚ್ಚೆ ತುಳಿದ ಕಾಲಿನ ಗಾಯದಿಂದ ಇಲಿ ಜ್ವರ ತಗಲಬಹುದು. ಈ ಯಾವುದನ್ನೂ ಮೊಬೈಲ್‌ನಲ್ಲಿ ಮುಖ ನೋಡಿ ಖಚಿತಪಡಿಸಲಾಗದು. ಫ್ಯಾಟ್ ಎಷ್ಟೆಂದು ಹಾಲಿನ ಮಾದರಿ ಪರೀಕ್ಷಿಸದೆ ಫೋನಿನಲ್ಲಿ ಹೇಳಿದರೆ ನಾವು ಒಪ್ಪುತ್ತೇವೆಯೇ? ರಕ್ತ ಪರೀಕ್ಷೆಗೆ ಬನ್ನಿ ಎಂದರೆ ಹೋಗಲೇಬೇಕು.

ಮಾತನಾಡುವ ಮೊದಲು ನುಂಗುತ್ತಿರುವ ಮಾತ್ರೆಗಳ ಹಾಳೆ, ಹಳೆಯ ಚೀಟಿ ಕೈಯಲ್ಲಿರಲಿ. ಬೆಳಕಿಗೆ ಮುಖಮಾಡಿ ಕುಳಿತುಕೊಳ್ಳಿ. ಮತ್ತೊಂದು ಮಾತು, ಕೋಪಿಸಿಕೊಳ್ಳಬೇಡಿ: ರೋಗ ಹೆಂಡತಿಗೆ, ಉತ್ತರ ಗಂಡನದು ಎಂಬಂತಾಗಬಾರದು. ಹಿಂಡುವವರಲ್ಲಿ ಹೆಂಗಸರೇ ಹೆಚ್ಚು, ಅವರ ನೋವನ್ನು ಅವರೇ ಹೇಳಲಿ. ಉಳಿದವರು ಹೊರಗಿರಲಿ ಎಂದು ಕೇಳಲು ಸಂಕೋಚ ಬೇಡ.

2020ರ ಮಾರ್ಚ್ 25ರಂದು ಹೊರಬಂದ ಟೆಲಿಮೆಡಿಸಿನ್ ನಿಯಮಗಳಂತೆ ವೈದ್ಯರು ಕೊಡುವ ಚೀಟಿಯಲ್ಲಿ ಅವರ ಹೆಸರು ಮತ್ತು ನೋಂದಣಿ ಸಂಖ್ಯೆ ಇರಬೇಕು. ಬಿ.ಪಿ., ಸಕ್ಕರೆ ರೋಗದ ಹಳೆಯ ಮಾತ್ರೆಗಳನ್ನು ಮುಂದುವರಿಸಲು ಇದು ಬಹಳ ಅನುಕೂಲ. ಚಟ ಹತ್ತಿಸುವಂಥ ಕೆಲವು ಔಷಧಗಳನ್ನು ಈ ರೀತಿ ಬರೆಯುವಂತಿಲ್ಲ. ಕೊಡಲಿಲ್ಲವೆಂದು ವೈದ್ಯರ ಮೇಲೆ ಬೇಸರ ಸಲ್ಲದು. ಸೇವೆಗೆ ಹಣ ಕಟ್ಟಿ ಎಂದೋ, ಬ್ಯಾಂಕ್ ಖಾತೆಯ ಓ.ಟಿ.ಪಿ. ಹೇಳಿ ಎಂದೋ ಯಾರಾದರೂ ಕೇಳಿದರೆ ಅದು ಮೋಸದ ಕರೆ ಎಂದು ತಿಳಿಯಿರಿ. ಹಾಲಿನ ಬಿಲ್ಲು ಜಮೆಯಾಗುವ ಖಾತೆಯೇ ಖಾಲಿಯಾದೀತು.

ಹಾವು ಕಚ್ಚಿದಾಗ, ಎದೆ ಹಿಂಡಿದಂತಾದಾಗ, ಉಸಿರು ಸಿಗದಾಗ, ಬಾಯಿ ಸೊಟ್ಟಗಾಗಿ ಕೈಕಾಲು ಸೋತಾಗ, ಫಿಟ್ಸ್ ಬಂದಾಗ, ಬಸುರಿಗೆ ರಕ್ತ ಹೋದಾಗ ಮೊಬೈಲ್ ಹಿಡಿದು ಸರದಿ ಕಾಯುವುದು ಬೇಡ. ತಕ್ಷಣ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ತಡವಾಗುವುದಾದರೆ ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಹೊರಡಿ, ಹಾಲು ತಪ್ಪಿದರೆ ತಪ್ಪಲಿ. ಮನಸ್ಸಿಗೆ ತೀರ ಬೇಸರ, ನಿದ್ದೆಯಿಲ್ಲ, ಸಾಲದ ಚಿಂತೆ ಎನ್ನುವವರು 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನವಿದೆ. ದನಗಳ ಚಿಕಿತ್ಸೆಗೆ ಕರೆಯಬೇಕಾದ ಸಂಖ್ಯೆ 1962.