ಊರು ಬದಲಿಸುವ ಮುನ್ನ ಸಂಜೆಯ ಲೆಕ್ಕ

ಗಡಿಭಾಗದ ನಮ್ಮ ವ್ಯಾಪಾರಿ ಮನೆಗಳಲ್ಲಿ ಇತ್ತೀಚೆಗೆ ಒಂದು ಮಾತು ಮೇಲಿಂದ ಮೇಲೆ ಕೇಳಿಬರುತ್ತಿದೆ: "ಇನ್ನು ಇಲ್ಲಿದ್ದು ಉಪಯೋಗವಿಲ್ಲ, ದೊಡ್ಡ ಊರಿಗೆ ಹೋಗಿಬಿಡೋಣ." ಅಕ್ಕಲಕೋಟದ ಕಿರಾಣಿ ಅಂಗಡಿಯವರು ಸೊಲ್ಲಾಪುರದ ಕಡೆ ನೋಡುತ್ತಾರೆ. ಜತ್ತದ ಅರಿವೆ ಅಂಗಡಿಯವರು ಸಾಂಗ್ಲಿಗೆ ಹೋಗಬೇಕೋ ವಿಜಯಪುರಕ್ಕೋ ಎಂದು ಯೋಚಿಸುತ್ತಾರೆ. ಆದವಾನಿಯ ಹತ್ತಿ ಅಡತಿಯವರ ಮಕ್ಕಳಿಗೆ ಬೆಂಗಳೂರಿನ ಆಸೆ, ಸೊಲ್ಲಾಪುರದವರ ಮಕ್ಕಳಿಗೆ ಪುಣೆಯ ಆಸೆ.

ಕಾರಣ ಕೇಳಿದರೆ ಮೂರು ಹೇಳುತ್ತಾರೆ. ಮಕ್ಕಳ ಶಾಲೆ, ಕುಗ್ಗಿದ ವ್ಯಾಪಾರ, ಸಣ್ಣ ಊರಿನ ಅಂಗಡಿಯ ಹುಡುಗನಿಗೆ ಹೆಣ್ಣು ಸಿಗುತ್ತಿಲ್ಲವೆಂಬ ಚಿಂತೆ. ಮೂರೂ ನಿಜವೇ. ಆದರೆ ಮನೆಯ ಹೆಣ್ಣುಮಕ್ಕಳನ್ನು ಕೇಳಿದರೆ ನಾಲ್ಕನೆಯದೊಂದು ಹೊರಬರುತ್ತದೆ: "ಅವರು ಮನೆಯಲ್ಲಿ ಇರುವುದೇ ಇಲ್ಲ." ಬೆಳಿಗ್ಗೆ ಮಕ್ಕಳು ಏಳುವ ಹೊತ್ತಿಗೆ ಅಂಗಡಿಯ ಬೀಗ ತೆಗೆಯಲು ಹೋದ ತಂದೆ, ಮಕ್ಕಳು ಮಲಗಿದ ಮೇಲೆ ಬರುತ್ತಾನೆ. ಹೆಣ್ಣು ಕೊಡಲು ಹಿಂಜರಿಯುವವರೂ ಊರಿನ ಗಾತ್ರಕ್ಕಿಂತ ಈ ದಿನಚರಿಯನ್ನೇ ಹೆಚ್ಚು ನೋಡುತ್ತಾರೆ ಎಂಬುದನ್ನು ನಾವು ಮರೆಯಬಾರದು.

ಊರು ಬಿಡುವ ನಿಜವಾದ ಉದ್ದೇಶ ಮನೆಯವರೊಂದಿಗೆ ಕಾಲ ಕಳೆಯುವುದೇ ಆಗಿದ್ದರೆ, ಹೊಸ ಊರನ್ನು ಅಳೆಯುವ ಕೋಲೂ ಅದೇ ಆಗಬೇಕು. ಆ ಕೋಲು ನಮ್ಮ ಮನೆಗಳಲ್ಲಿ ಮೊದಲಿನಿಂದಲೂ ಇದೆ. ಹೊತ್ತು ಮುಳುಗುವ ಮುನ್ನ ಊಟ ಎಂಬ ನಿಯಮವೇ ಅದು.

ಹೊತ್ತು ಮುಳುಗುವುದು ಎಷ್ಟಕ್ಕೆ?

ಸೊಲ್ಲಾಪುರದ ಸೀಮೆಯಲ್ಲಿ ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ಸಂಜೆ ಸುಮಾರು 7 ಗಂಟೆ 5 ನಿಮಿಷಕ್ಕೆ. ನವೆಂಬರ್ ಕೊನೆಯಲ್ಲಿ ಸುಮಾರು 5 ಗಂಟೆ 45 ನಿಮಿಷಕ್ಕೇ ಮುಳುಗಿಬಿಡುತ್ತದೆ. ಎರಡಕ್ಕೂ ಒಂದು ತಾಸಿಗಿಂತ ಹೆಚ್ಚಿನ ಅಂತರ. ಬೇಸಿಗೆಯಲ್ಲಿ ಹೇಗೋ ನಡೆದುಹೋಗುವ ವ್ಯವಸ್ಥೆ ದೀಪಾವಳಿಯ ನಂತರ, ಮದುವೆಯ ಸುಗ್ಗಿ ಶುರುವಾಗಿ ಅಂಗಡಿಯಲ್ಲಿ ಗಿರಾಕಿ ತುಂಬುವ ಹೊತ್ತಿಗೇ ಕುಸಿಯುತ್ತದೆ.

ಆಗ ನಾವು ಏನು ಮಾಡುತ್ತೇವೆ? ಮನೆಯಿಂದ ಡಬ್ಬಿ ಬರುತ್ತದೆ. ಗಲ್ಲಾದ ಹಿಂದೆ, ಮೂಟೆಗಳ ನಡುವೆ ಕುಳಿತು ಹತ್ತು ನಿಮಿಷದಲ್ಲಿ ಉಂಡು ಕೈ ತೊಳೆಯುತ್ತೇವೆ. ನಿಯಮವೇನೋ ಉಳಿಯಿತು, ಆದರೆ ಮನೆಯವರೆಲ್ಲ ಒಂದೇ ಪಂಕ್ತಿಯಲ್ಲಿ ಕೂಡುವುದು ತಪ್ಪಿತು. ಮನೆಯಲ್ಲಿ ಅತ್ತೆಯವರಿಗೆ ಒಮ್ಮೆ, ಮಕ್ಕಳಿಗೆ ಒಮ್ಮೆ, ಡಬ್ಬಿಗೆ ಒಮ್ಮೆ, ಕೊನೆಗೆ ತನಗೊಮ್ಮೆ ಎಂದು ಸೊಸೆ ನಾಲ್ಕು ಸಲ ಒಲೆಯ ಮುಂದೆ ನಿಲ್ಲುತ್ತಾಳೆ. ರಾತ್ರಿ ಊಟ ಬಿಟ್ಟದ್ದರಿಂದ ಮನೆಗೆ ಸಿಗಬೇಕಾದ ದೊಡ್ಡ ಲಾಭ ಎಂದರೆ ಸಂಜೆಯ ಬಿಡುವು. ದೀಪ ಹಚ್ಚಿ, ಆರತಿ ಮಾಡಿ, ಮಕ್ಕಳ ಓದು ಕೇಳಿ, ಹಿರಿಯರ ಹತ್ತಿರ ನಾಲ್ಕು ಮಾತಾಡುವ ಆ ಹೊತ್ತು ಅಂಗಡಿಯ ಪಾಲಾಗಿದೆ.

ಊರಿಗಿಂತ ಮೊದಲು ವ್ಯಾಪಾರದ ಬಗೆ

ದೊಡ್ಡ ಊರಿಗೆ ಹೋದರೆ ಈ ಹೊತ್ತು ಮರಳಿ ಸಿಗುವುದೇ? ಒಂದು ಮನೆಯನ್ನು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ತಾಲೂಕು ಊರಿನ ಅಂಗಡಿ ಬೆಳಿಗ್ಗೆ 8ರಿಂದ ರಾತ್ರಿ 9ರವರೆಗೆ. ಮನೆ ಐದು ನಿಮಿಷದ ದಾರಿ. ಮಧ್ಯಾಹ್ನ ಒಂದೂವರೆ ತಾಸು ಮನೆಗೆ ಬಂದು ಉಂಡು ಒರಗುತ್ತಾರೆ. ಅಂದರೆ ಮನೆಯಿಂದ ಹೊರಗಿರುವುದು ಹನ್ನೊಂದೂವರೆ ತಾಸು. ಅದೇ ಮನೆಯವರು ಮಹಾನಗರಕ್ಕೆ ಹೋದರು. ಪೇಟೆಯಲ್ಲಿ ಅಂಗಡಿ, ಬಾಡಿಗೆ ಕೈಗೆಟುಕುವ ಬಡಾವಣೆಯಲ್ಲಿ ಮನೆ. ಬೆಳಿಗ್ಗೆ 9ಕ್ಕೆ ಹೊರಟರೆ ರಾತ್ರಿ 10.30ಕ್ಕೆ ಮನೆ. ಹದಿಮೂರೂವರೆ ತಾಸು! ದಿನಕ್ಕೆ ಎರಡು ತಾಸು ಹೆಚ್ಚು ಹೋಯಿತು. ವರ್ಷಕ್ಕೆ 300 ದಿನ ಹಿಡಿದರೂ 600 ತಾಸು, ಹಗಲು ರಾತ್ರಿ ಕೂಡಿಸಿದರೆ ಪೂರ್ತಿ 25 ದಿನ. ಗಲ್ಲಾ ತುಂಬಿರಬಹುದು. ಯಾವುದಕ್ಕಾಗಿ ಊರು ಬಿಟ್ಟರೋ ಅದು ಮಾತ್ರ ಇನ್ನೂ ದೂರ ಹೋಯಿತು.

ಏಕೆ ಹೀಗೆ? ಚಿಲ್ಲರೆ ಅಂಗಡಿಯ ಗಿರಾಕಿ ಕೆಲಸ ಮುಗಿಸಿ ಸಂಜೆ 6ರ ನಂತರ ಬರುತ್ತಾನೆ. ಊರು ದೊಡ್ಡದಾದಷ್ಟೂ ಅವನು ಬರುವುದು ತಡ. ಅಡತಿ, ಸಗಟು ವ್ಯಾಪಾರ, ಬೇಳೆ ಮಿಲ್ಲು ಇವುಗಳ ಸ್ವಭಾವ ಬೇರೆ. ಮಾರುಕಟ್ಟೆಯ ಲಿಲಾವು ಹಗಲಿನಲ್ಲೇ ಮುಗಿಯುತ್ತದೆ, ಸಂಜೆಗೆ ಉಳಿಯುವುದು ಲೆಕ್ಕ ಮತ್ತು ಲಾರಿ ತುಂಬಿಸುವ ಕೆಲಸ. ಸೊಲ್ಲಾಪುರದ ಉಳ್ಳಾಗಡ್ಡಿ, ಸಾಂಗ್ಲಿಯ ಅರಿಶಿನ, ತಾಸಗಾಂವದ ಒಣದ್ರಾಕ್ಷಿ, ಆದವಾನಿಯ ಹತ್ತಿ ಇವೆಲ್ಲ ಇಂಥ ಪೇಟೆಗಳು. ಚಿಲ್ಲರೆಯಿಂದ ಸಗಟಿಗೆ ಹೊರಳಿದವನು ಸಮೀಪದ ಊರಿನಲ್ಲೇ ಸಂಜೆಯನ್ನು ಗಳಿಸಬಲ್ಲ. ಚಿಲ್ಲರೆಯನ್ನೇ ಹೊತ್ತುಕೊಂಡು ಹೋದವನಿಗೆ ಎಷ್ಟು ದೂರ ಹೋದರೂ ಸಂಜೆ ಸಿಗದು. ಆದ್ದರಿಂದ "ಯಾವ ಊರು?" ಎಂದು ಕೇಳುವ ಮುನ್ನ "ಯಾವ ವ್ಯಾಪಾರ?" ಎಂದು ಕೇಳುವುದು ಜಾಣತನ.

ದಿಗ್ವ್ರತ ಹೇಳುವುದು

ಊರು ಬಿಡಬಾರದೆಂದು ನಮ್ಮ ಧರ್ಮ ಹೇಳಿಲ್ಲ. 1882ರಲ್ಲಿ ಸೊಲ್ಲಾಪುರದ ಜೈನ ವ್ಯಾಪಾರಿ ಮನೆಯಲ್ಲಿ ಹುಟ್ಟಿದ ವಾಲಚಂದ ಹಿರಾಚಂದರು ಊರಿನಲ್ಲೇ ಕುಳಿತಿದ್ದರೆ 1919ರಲ್ಲಿ ಸಿಂಧಿಯಾ ಹಡಗು ಕಂಪನಿಯಾಗಲಿ, 1940ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯಾಗಲಿ ಅವರಿಂದ ಹುಟ್ಟುತ್ತಿರಲಿಲ್ಲ. ಆದರೆ ಎಲ್ಲಿಯವರೆಗೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕೆಂದು ಧರ್ಮ ಹೇಳಿದೆ.

ಶ್ರಾವಕನ ಗುಣವ್ರತಗಳಲ್ಲಿ ಮೊದಲನೆಯದು ದಿಗ್ವ್ರತ. ಹತ್ತು ದಿಕ್ಕುಗಳಲ್ಲಿ ತಾನು ಎಲ್ಲಿಯವರೆಗೆ ಹೋಗುವೆನೆಂದು ಜೀವಮಾನಕ್ಕೆ ಗೆರೆ ಎಳೆದುಕೊಳ್ಳುವುದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಗೆರೆಗೆ ಸಮುದ್ರ, ನದಿ, ಅಡವಿ, ಬೆಟ್ಟ, ದೇಶಗಳನ್ನು ಗುರುತಾಗಿ ಇಟ್ಟುಕೊಳ್ಳಲು ತಿಳಿಸಿದೆ. ಈ ವ್ರತ ವ್ಯಾಪಾರಿಗಳಿಗೆ ಎಷ್ಟು ಒಪ್ಪುತ್ತದೆ ನೋಡಿ. ಲಾಭ ಕಂಡ ದಿಕ್ಕಿಗೆಲ್ಲ ಓಡುವ ಮನಸ್ಸಿಗೆ ಅದು ಹಗ್ಗ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದೆ. ಅವುಗಳಲ್ಲಿ ಎರಡು ಇಂದಿನ ನಮ್ಮ ಮಾತಿಗೆ ನೇರವಾಗಿ ತಾಗುತ್ತವೆ. ಒಂದು ಕ್ಷೇತ್ರವೃದ್ಧಿ, ಅಂದರೆ ಲೋಭದಿಂದ ಗೆರೆಯನ್ನು ಮುಂದಕ್ಕೆ ಸರಿಸುತ್ತಾ ಹೋಗುವುದು. ಇನ್ನೊಂದು ಸ್ಮೃತ್ಯಂತರಾಧಾನ, ಅಂದರೆ ಎಳೆದ ಗೆರೆಯನ್ನೇ ಮರೆತುಬಿಡುವುದು. "ಎರಡು ವರ್ಷ ದುಡಿದು ಆಮೇಲೆ ಮನೆಯವರಿಗೆ ಹೊತ್ತು ಕೊಡುತ್ತೇನೆ" ಎಂದು ಹೋದವರಲ್ಲಿ ಹತ್ತು ವರ್ಷವಾದರೂ ಆ ಮಾತನ್ನು ನೆನೆಯದವರು ಎಷ್ಟು ಮಂದಿ!

ಹೀಗಾಗಿ ಪರಿಮಾಣ ಮೊದಲು, ಊರು ಆಮೇಲೆ. ಮನೆ ನಡೆಯಲು, ಮಕ್ಕಳ ಓದಿಗೆ, ದಾನಕ್ಕೆ, ಕಷ್ಟಕಾಲಕ್ಕೆ ತಿಂಗಳಿಗೆ ಎಷ್ಟು ಸಾಕು ಎಂಬುದನ್ನು ಮನೆಯವರೆಲ್ಲ ಕೂತು ಒಂದು ಕಾಗದದಲ್ಲಿ ಬರೆಯಬೇಕು. ಆ ಅಂಕಿಯನ್ನು ಕೊಡುವ ಊರುಗಳಲ್ಲಿ ಸಂಜೆಯನ್ನೂ ಕೊಡುವ ಊರನ್ನು ಆರಿಸಬೇಕು. ಈ ಮಾತುಕತೆಯಲ್ಲಿ ಸೊಸೆಗೂ ಮುದುಕರಿಗೂ ಸಮನಾದ ಪಾಲಿರಲಿ. ಹೊಸ ಊರಿನಲ್ಲಿ ಹಗಲೆಲ್ಲ ಮನೆಯಲ್ಲಿ ಇರಬೇಕಾದವರು ಅವರೇ.

ಮೂರು ದಾರಿಗಳು

ಮೊದಲ ದಾರಿ, ಊರಲ್ಲೇ ಇದ್ದು ದಿನಚರಿ ಬದಲಿಸುವುದು. ಅಣ್ಣತಮ್ಮಂದಿರು ಕೂಡಿರುವ ಮನೆಯಲ್ಲಿ ಸಂಜೆಯ ಪಾಳಿ ಹಾಕಿಕೊಳ್ಳಬಹುದು. ಒಬ್ಬನೇ ಇದ್ದರೆ ಚಳಿಗಾಲದಲ್ಲಿ ಐದೂಕಾಲರಿಂದ ಆರೂಕಾಲರವರೆಗೆ ಬಾಗಿಲು ಮುಂದೆ ಮಾಡಿ ಮನೆಗೆ ಹೋಗಿ ಬರಬಹುದು. ಗಿರಾಕಿಗಳಿಗೆ ವೇಳೆ ತಿಳಿದರೆ ಹೊಂದಿಕೊಳ್ಳುತ್ತಾರೆ. ಈ ದಾರಿಗೆ ಖರ್ಚಿಲ್ಲ. ಆದರೂ ನಾವು ಇದನ್ನು ಕೊನೆಗೆ ಯೋಚಿಸುತ್ತೇವೆ!

ಎರಡನೆಯದು, ಸಮೀಪದ ಜಿಲ್ಲಾ ಊರು. ಅಕ್ಕಲಕೋಟದಿಂದ ಸೊಲ್ಲಾಪುರ ಸುಮಾರು 40 ಕಿಲೋಮೀಟರು. ಹಳೆಯ ಮನೆ, ಹಿರಿಯರು, ಉದ್ರಿ ವಸೂಲಿ ಎಲ್ಲ ಕೈಯಳತೆಯಲ್ಲಿ ಉಳಿಯುತ್ತವೆ. ಮನೆಯನ್ನು ಅಂಗಡಿಯಿಂದ ನಡೆದು ಹೋಗುವಷ್ಟು ದೂರದಲ್ಲಿ ಹಿಡಿಯಲು ಇಂಥ ಊರುಗಳಲ್ಲಿ ಇನ್ನೂ ಸಾಧ್ಯ. ಜತ್ತದವರು ಇನ್ನೊಂದನ್ನೂ ಗಮನಿಸಬೇಕು. ಮಳೆ ಕಡಿಮೆಯ ಆ ತಾಲೂಕಿನ ಒಂದಷ್ಟು ಭಾಗಕ್ಕೆ ಮ್ಹೈಸಾಳ ಏತ ನೀರಾವರಿಯಿಂದ ಕೃಷ್ಣೆಯ ನೀರು ಬಂದಿದೆ. ರೈತನ ಕೈಯಲ್ಲಿ ದುಡ್ಡು ಆಡಿದರೆ ಅಂಗಡಿಯೂ ನಡೆಯುತ್ತದೆ. ತಮ್ಮ ಗಿರಾಕಿಗಳ ಹಳ್ಳಿಗೆ ನೀರು ಬಂದಿದೆಯೇ ಎಂದು ನೋಡಿಯೇ ಊರು ಬಿಡುವ ಮಾತಾಡಲಿ.

ಮೂರನೆಯದು ಪುಣೆ, ಬೆಂಗಳೂರುಗಳಂಥ ಮಹಾನಗರ. ಸಗಟು ವ್ಯಾಪಾರವೋ ಮಕ್ಕಳ ನೌಕರಿಯೋ ಅಲ್ಲಿಗೆ ಕರೆದರೆ ಹೋಗಲಿ. ಆದರೆ ಮೊದಲು ಬಸದಿ, ಆಮೇಲೆ ಮನೆ, ಆಮೇಲೆ ಅಂಗಡಿ ಎಂಬ ಕ್ರಮದಲ್ಲಿ ಹುಡುಕಲಿ. ನಡೆದು ಹೋಗುವಷ್ಟು ಹತ್ತಿರ ಜಿನಮಂದಿರವಿದ್ದರೆ ಮುದುಕರಿಗೆ ದಿನ ಕಳೆಯುತ್ತದೆ, ಮಕ್ಕಳಿಗೆ ಪಾಠಶಾಲೆ ಸಿಗುತ್ತದೆ, ಮನೆಯವರಿಗೆ ನಾಲ್ಕು ಪರಿಚಯವಾಗುತ್ತದೆ.

ಕೇವಲ ಮಕ್ಕಳ ಓದಿಗಾಗಿಯೇ ಇಡೀ ಮನೆಯನ್ನು ಕೀಳಬೇಕಿಲ್ಲ ಎಂಬುದನ್ನು ನಮ್ಮ ಹಿರಿಯರು ಬಹಳ ಹಿಂದೆಯೇ ಕಂಡುಕೊಂಡಿದ್ದರು. 1899ರಲ್ಲಿ ಹುಟ್ಟಿದ ದಕ್ಷಿಣ ಭಾರತ ಜೈನ ಸಭೆಯು ಕೊಲ್ಹಾಪುರ, ಸಾಂಗ್ಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಬೋರ್ಡಿಂಗುಗಳನ್ನು ತೆರೆದದ್ದು ಇದಕ್ಕಾಗಿಯೇ. ದೊಡ್ಡ ಮಕ್ಕಳು ಅಲ್ಲಿ ಓದಲಿ, ಮನೆ ಊರಲ್ಲಿ ಉಳಿಯಲಿ ಎಂಬ ವಿಚಾರ ಇಂದಿಗೂ ಹಳತಾಗಿಲ್ಲ.

ಕಾಗದಪತ್ರಗಳ ಮಾತು

ಗಡಿ ದಾಟುವವರು ಎರಡು ಸಂಗತಿ ಮೊದಲೇ ತಿಳಿದಿರಬೇಕು. 2017ರ ಜುಲೈ 1ರಿಂದ ಬಂದ ಜಿಎಸ್‌ಟಿಯಲ್ಲಿ ನೋಂದಣಿ ರಾಜ್ಯವಾರು. ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಹೋದರೆ 15 ದಿನದೊಳಗೆ ವಿಳಾಸ ತಿದ್ದುಪಡಿಗೆ ಅರ್ಜಿ ಕೊಟ್ಟರೆ ಸಾಕು. ಜತ್ತದಿಂದ ವಿಜಯಪುರಕ್ಕೆ ಹೋದರೆ ಹೊಸ ನೋಂದಣಿಯೇ ಬೇಕು. ತನ್ನದೇ ಹಳೆಯ ಅಂಗಡಿಯ ನೋಂದಣಿಯಿಂದ ಹೊಸ ಅಂಗಡಿಯ ನೋಂದಣಿಗೆ ಕಳಿಸಿದ ಮಾಲನ್ನೂ ಕಾನೂನು ಮಾರಾಟದಂತೆಯೇ ಎಣಿಸುತ್ತದೆ. ಕೋಠಿಯಲ್ಲಿ ಮಾಲು ಕಡಿಮೆ ಇರುವ ತಿಂಗಳನ್ನು ನೋಡಿ ಸ್ಥಳ ಬದಲಿಸುವುದು ಲೇಸು.

ಎರಡನೆಯದು ಮಕ್ಕಳದು. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ವೃತ್ತಿ ಶಿಕ್ಷಣದ ಸೀಟು ಹಂಚುವಾಗ ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಕಲಮು ಇಟ್ಟಿದೆ. ಸೊಲ್ಲಾಪುರ, ಅಕ್ಕಲಕೋಟ, ಜತ್ತ, ಗಡಹಿಂಗ್ಲಜ, ಕಾಸರಗೋಡು ಮೊದಲಾದ ತಾಲೂಕುಗಳಲ್ಲಿ ಇದ್ದು, ಅಲ್ಲಿ ನಿಗದಿತ ವರ್ಷ ಓದಿದ ಕನ್ನಡ ಮನೆಮಾತಿನ ಮಕ್ಕಳಿಗೆ ಅದು ಅನ್ವಯಿಸುತ್ತದೆ. ಏಳನೆಯ ಎಂಟನೆಯ ತರಗತಿಯಲ್ಲಿರುವ ಮಗುವನ್ನು ಪುಣೆಗೆ ಕರೆದೊಯ್ಯುವ ಮುನ್ನ ಈ ಕಲಮನ್ನು ಓದಿ ನೋಡಲೇಬೇಕು. ಭಾಷೆಯ ಮಾತೂ ಇದೆ. ಶಾಲೆಗಳಲ್ಲಿ ಕನ್ನಡ ಕಲಿಕೆಗೆ ಕರ್ನಾಟಕದಲ್ಲಿ 2015ರ ಕಾಯಿದೆ, ಮರಾಠಿ ಕಲಿಕೆಗೆ ಮಹಾರಾಷ್ಟ್ರದಲ್ಲಿ 2020ರ ಕಾಯಿದೆ ಇವೆ. ಎರಡೂ ಭಾಷೆ ಬಲ್ಲ ಗಡಿಯ ಮಗುವಿಗೆ ಎರಡೂ ಕಡೆ ಅನುಕೂಲ. ಆದರೆ ಪುಣೆಯಲ್ಲಿ ಕನ್ನಡವನ್ನು ಮನೆಯಲ್ಲೇ ಕಲಿಸಬೇಕಾದೀತು. ಅದಕ್ಕೂ ಸಂಜೆಯ ಬಿಡುವೇ ಬೇಕು.

ಹಿಂದೆ ಉಳಿಯುವವರು

ಒಂದು ಮನೆ ಊರು ಬಿಟ್ಟಾಗ ಬೀಗ ಬೀಳುವುದು ಆ ಮನೆಗೆ ಮಾತ್ರವಲ್ಲ. ಹತ್ತು ಮನೆಯ ಸಮಾಜದಲ್ಲಿ ನಾಲ್ಕು ಮನೆ ಹೋದರೆ ಬಸದಿಯ ನಿತ್ಯ ಅಭಿಷೇಕದ ಸರದಿ ಉಳಿದ ಆರು ಮನೆಗಳ ಮೇಲೆ ಬೀಳುತ್ತದೆ. ವಿಹಾರದಲ್ಲಿ ಬಂದ ಮುನಿಗಳಿಗೆ ಆಹಾರ ಕೊಡುವ ಚೌಕಗಳು ಕಡಿಮೆಯಾಗುತ್ತವೆ. ಹೋಗುವವರು ವರ್ಷದಲ್ಲಿ ತಮ್ಮ ಪಾಲಿನ ಇಷ್ಟು ದಿನಗಳ ಪೂಜೆಯನ್ನು ಬಂದೇ ಮಾಡುತ್ತೇವೆಂದು ಹೇಳಿ ಹೋಗುವುದು ಒಳ್ಳೆಯ ರೂಢಿಯಾದೀತು. ಹಿರಿಯರು ಬರುವುದಿಲ್ಲವೆಂದರೆ ಅದನ್ನು ಹಟವೆಂದು ತಿಳಿಯಬಾರದು. ಅರವತ್ತು ವರ್ಷ ಕಂಡ ಬೀದಿಯನ್ನು ಬಿಟ್ಟು ಮೂರನೆಯ ಮಹಡಿಯಲ್ಲಿ ಕೂರುವುದು ಅವರಿಗೆ ಸುಲಭವಲ್ಲ.

ಕೊನೆಗೊಂದು ಸೂಚನೆ. ಮನೆ ಮಾರಿ ಹೋಗಬೇಡಿ. ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ. ಅದಕ್ಕೂ ಮೊದಲು ಭಾದ್ರಪದದಲ್ಲಿ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವದ ಹತ್ತು ದಿನವನ್ನು ಮನೆಯವರೆಲ್ಲ ಆ ಊರಿನಲ್ಲೇ ಕಳೆಯಿರಿ. ಶ್ವೇತಾಂಬರ ಬಂಧುಗಳಿಗೆ ಪರ್ಯುಷಣದ ಎಂಟು ದಿನಗಳಿವೆ. ಬಸದಿ ಎಷ್ಟು ದೂರ, ನಲ್ಲಿಗೆ ನೀರು ಎಷ್ಟು ದಿನಕ್ಕೊಮ್ಮೆ, ನೆರೆಹೊರೆ ಹೇಗೆ ಎಂಬುದೆಲ್ಲ ಅಷ್ಟರಲ್ಲಿ ತಿಳಿಯುತ್ತದೆ. ಮತ್ತೆ ನವೆಂಬರಿನಲ್ಲಿ ಒಂದು ವಾರ ಹೋಗಿ, ಅಲ್ಲಿ ನಿಮ್ಮದೇ ವ್ಯಾಪಾರ ಮಾಡುವವರು ಸಂಜೆ ಐದೂವರೆಗೆ ಎಲ್ಲಿರುತ್ತಾರೆಂದು ನೋಡಿ ಬನ್ನಿ. ಅವರು ಮನೆಯಲ್ಲಿ ಮಕ್ಕಳೊಂದಿಗೆ ಪಂಕ್ತಿಯಲ್ಲಿ ಕುಳಿತಿದ್ದರೆ ಆ ಊರು ನಿಮಗೂ ಒಗ್ಗೀತು. ಗಲ್ಲಾದ ಹಿಂದೆ ಡಬ್ಬಿ ಬಿಚ್ಚುತ್ತಿದ್ದರೆ, ಅಂಥ ಬಾಳು ನಿಮ್ಮ ಊರಲ್ಲೇ ಕಡಿಮೆ ಬಾಡಿಗೆಗೆ ಸಿಗುತ್ತದೆ.

ಜೈ ಜಿನೇಂದ್ರ.